ಓಟಿ ಲೆಕ್ಕ, ಪಾಯಿಂಟ್ ಲೆಕ್ಕ

ಆಲೂರು ದಾಟಿ ಸಕಲೇಶಪುರದ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಗೆ ಸರಿದರೆ ಸಿಗುವ ಒಂದು ಸಣ್ಣ ಕಾಫಿ ತೋಟ. ಕೊಯ್ಲಿನ ದಿನಗಳ ಒಂದು ಶನಿವಾರ, ಇಳಿಹೊತ್ತು. ಕಣದ ತುಂಬ ರೊಬಸ್ಟಾ ಚೆರಿ ಒಣಗುತ್ತಿದೆ. ಮಾತಾಡುತ್ತಿರುವವರು ಇಬ್ಬರು. ಒಬ್ಬರು ಆಯುಷ್ಯವನ್ನೆಲ್ಲ ತೋಟದಲ್ಲೇ ಕಳೆದ ಹಿರಿಯರು. ಇನ್ನೊಬ್ಬ ಅವರ ತಮ್ಮನ ಮಗ. ಬೆಂಗಳೂರಿನ ಕಂಪನಿಯ ಕೆಲಸವನ್ನು ಲ್ಯಾಪ್‌ಟಾಪಿನಲ್ಲೇ ಮಾಡುತ್ತಾ ಕೊಯ್ಲು ಮುಗಿಯುವ ತನಕ ಊರಲ್ಲಿ ಉಳಿದಿದ್ದಾನೆ.

ಹಿರಿಯರು: ಚೆರಿ ತಿರುವಿ ಹಾಕು ಅಂದೆ. ಹಲಗೆ ಗೋಡೆಗೆ ಒರಗಿಸಿ ಫೋನ್ ಉಜ್ಜುತ್ತಾ ನಿಂತಿದ್ದೀಯಲ್ಲೋ.

ಯುವಕ: ನಾಲ್ಕೂವರೆಗೆ ಡೆಡ್‌ಲೈನ್ ದೊಡ್ಡಪ್ಪ. ಮೊದಲನೇ ಮ್ಯಾಚಿಗೆ ಒಂದೂವರೆ ಗಂಟೆ ಮುಂಚೆ ಬಾಗಿಲು ಹಾಕಿಬಿಡ್ತಾರೆ. ಆಮೇಲೆ ಯಾರನ್ನೂ ಬದಲಾಯಿಸೋ ಹಾಗಿಲ್ಲ.

ಹಿರಿಯರು: ಆಫೀಸಿನ ಕೆಲಸಕ್ಕೆ ಇಷ್ಟು ಮುಖ ಸಣ್ಣ ಮಾಡಿಕೊಂಡಿದ್ದು ನಾನು ನೋಡಿಲ್ಲ. ಯಾವ ಮ್ಯಾಚು? ನೀನು ಆಡ್ತೀಯಾ?

ಯುವಕ: ಆಡೋರು ಇಂಗ್ಲೆಂಡಿನಲ್ಲಿದ್ದಾರೆ. ಇದು ಫ್ಯಾಂಟಸಿ ಫುಟ್‌ಬಾಲ್: ಅಲ್ಲಿಯ ಪ್ರೀಮಿಯರ್ ಲೀಗಿನ 20 ಕ್ಲಬ್ಬುಗಳಿಂದ ನಾನು 15 ಜನರನ್ನು ಆರಿಸಿಕೊಳ್ಳೋದು. ಇಬ್ಬರು ಗೋಲ್‌ಕೀಪರ್, ಐವರು ಡಿಫೆಂಡರ್, ಐವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್. ಕೈಯಲ್ಲಿ 100 ಮಿಲಿಯನ್ ಪೌಂಡ್, ಬರೀ ಲೆಕ್ಕದ ದುಡ್ಡು. ಒಂದು ಕ್ಲಬ್ಬಿನಿಂದ ಮೂವರ ಮೇಲೆ ತಗೊಳ್ಳೋ ಹಾಗಿಲ್ಲ. ಅವರು ನಿಜವಾದ ಮ್ಯಾಚಿನಲ್ಲಿ ಮಾಡಿದ್ದಕ್ಕೆ ನನಗೆ ಪಾಯಿಂಟು. ಫಾರ್ವರ್ಡ್ ಗೋಲು ಹೊಡೆದರೆ ನಾಲ್ಕು, ಡಿಫೆಂಡರ್ ಹೊಡೆದರೆ ಆರು, ಗೋಲಿಗೆ ಪಾಸ್ ಕೊಟ್ಟರೆ ಮೂರು, ಹಳದಿ ಕಾರ್ಡ್ ತಿಂದರೆ ಒಂದು ಕಡಿತ. ಕ್ಯಾಪ್ಟನ್ ಮಾಡಿದವನದ್ದು ದುಪ್ಪಟ್ಟು.

ಹಿರಿಯರು: ಅಂದರೆ ಬೆವರು ಅವರದ್ದು, ಮೀಸೆ ತಿರುವೋದು ನೀವು.

ಯುವಕ: ಕೆಟ್ಟಾಗ ಉಗಿಸಿಕೊಳ್ಳೋರೂ ನಾವೇ. ನಮ್ಮದು ಹತ್ತು ಜನರ ಲೀಗ್. ಎಲ್ಲ ಸಕಲೇಶಪುರದಲ್ಲಿ ಪಿಯುಸಿ ಒಟ್ಟಿಗೆ ಓದಿದವರು. ಈಗ ನಾಲ್ಕು ಜನ ಬೆಂಗಳೂರು, ಇಬ್ಬರು ಮಂಗಳೂರು, ಒಬ್ಬ ದುಬೈ, ಒಬ್ಬ ಮೆಲ್ಬರ್ನ್. ಹೆತ್ತೂರಿನ ಕಡೆ ತೋಟ ಮಾಡಿಕೊಂಡಿರೋನು ಒಬ್ಬನೇ. ಹತ್ತನೆಯವನು ನಾನು, ಅರ್ಧ ಅಲ್ಲಿ, ಅರ್ಧ ಇಲ್ಲಿ.

ಹಿರಿಯರು: ಆಡದ ಆಟ, ಇಲ್ಲದ ದುಡ್ಡು, ಕಾಣದ ಊರು. ಲಂಡನ್ನಿನಲ್ಲಿ ಯಾವನೋ ಎಡವಿ ಬಿದ್ದರೆ ಆಲೂರಿನಲ್ಲಿ ನಿನಗೆ ನೋವು.

ಯುವಕ: ಆ ಮಾತು ನೀವು ಹೇಳಬಾರದು. ಮಧ್ಯಾಹ್ನ ಊಟ ಆದಮೇಲೆ ಕನ್ನಡಕ ಹಾಕಿಕೊಂಡು ಲಂಡನ್ ಟರ್ಮಿನಲ್ ಎಷ್ಟಕ್ಕೆ ತೆರೀತು ಅಂತ ನೋಡೋರು ಯಾರು? ಈ ಕಣದಲ್ಲಿರೋ ರೊಬಸ್ಟಾಗೆ ದರ ಹೇಳೋದು ಸಕಲೇಶಪುರ ಅಲ್ಲ, ಲಂಡನ್. ಅರೇಬಿಕಾ ಆಗಿದ್ದರೆ ನ್ಯೂಯಾರ್ಕ್. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಪೌಂಡಿಗೆ 4 ಡಾಲರ್ ದಾಟಿದಾಗ ಮನೆಯಲ್ಲಿ ನಿಮ್ಮನ್ನು ಹಿಡಿಯೋಕೆ ಆಗಲಿಲ್ಲ. ನಮ್ಮ ಲೀಗಿನಲ್ಲಿ ಪಾಯಿಂಟು, ನಿಮ್ಮ ವ್ಯಾಪಾರದಲ್ಲಿ ಓಟಿ. ವ್ಯತ್ಯಾಸ ಎಲ್ಲಿದೆ?

ಹಿರಿಯರು: ಅಲ್ಲೇ ಇದೆ. ಓಟಿ ಅಂದರೆ ಏನು? 50 ಕೆಜಿ ಚೆರಿ ಮೂಟೆಯನ್ನು ಹಲ್ ಮಾಡಿಸಿದರೆ ಎಷ್ಟು ಕೆಜಿ ಬೀಜ ಇಳಿಯುತ್ತೆ ಅಂತ. 26 ಬಂದರೆ ಆ ಲೆಕ್ಕ, 28 ಬಂದರೆ ಈ ಲೆಕ್ಕ. ವ್ಯಾಪಾರಿ ಒಂದು ಓಟಿಗೆ ಇಷ್ಟು ಅಂತ ಹೇಳ್ತಾನೆ, ಗುಣಿಸಿಕೊಂಡು ದುಡ್ಡು ಕೊಡ್ತಾನೆ. ಆದರೆ ಆ 26ನ್ನು 28 ಮಾಡೋದು ಯಾರು? ಮಾರ್ಚಿನಲ್ಲಿ ಹೂವಿನ ಮಳೆ ಬಾರದೆ ಇದ್ದಾಗ ಸ್ಪ್ರಿಂಕ್ಲರ್ ಎಳೆದವನು, ನೆರಳಿನ ಮರ ಹದವಾಗಿ ಸವರಿಸಿದವನು, ಹಣ್ಣಾದ್ದನ್ನೇ ಬಿಡಿಸಿದವನು. ಓಟಿಯಲ್ಲಿ ನನ್ನ ಕೈ ಇದೆ. ನಿನ್ನ ಪಾಯಿಂಟಿನಲ್ಲಿ ನಿನ್ನ ಕೈ ಎಲ್ಲಿದೆ?

ಯುವಕ: ಆರಿಸೋದರಲ್ಲಿ ಇದೆ. 2024-25ರಲ್ಲಿ ಲಿವರ್‌ಪೂಲಿನ ಸಲಾ ಬೆಲೆ ಶುರುವಿಗೆ 12.5 ಮಿಲಿಯನ್. ನೂರರಲ್ಲಿ ಎಂಟನೇ ಒಂದು ಪಾಲು ಒಬ್ಬನಿಗೇ ಸುರಿದರೆ ಉಳಿದ ಹದಿನಾಲ್ಕು ಜನರನ್ನು ಎಲ್ಲಿಂದ ತರೋದು? ವಯಸ್ಸು ಬೇರೆ 32. ನಮ್ಮಲ್ಲಿ ಆರು ಜನ ಬೇಡ ಅಂದರು. ದುಬೈಯವನು ತಗೊಂಡು, ಕ್ಯಾಪ್ಟನ್ ಪಟ್ಟಿ ಕಟ್ಟಿ ಕೈಕಟ್ಟಿ ಕೂತ. ಆ ಸೀಸನ್ನಿನಲ್ಲಿ ಸಲಾ 29 ಗೋಲು ಹೊಡೆದ, 18 ಗೋಲಿಗೆ ಪಾಸ್ ಕೊಟ್ಟ. ಒಟ್ಟು 344 ಪಾಯಿಂಟು, ಈ ಆಟದ ಇತಿಹಾಸದಲ್ಲೇ ದಾಖಲೆ. ದುಬೈಯವನು ಮೇ ತನಕ ಯಾರ ಕೈಗೂ ಸಿಗಲಿಲ್ಲ.

ಹಿರಿಯರು: ಮರುವರ್ಷ?

ಯುವಕ: ಮರುವರ್ಷ ಬೆಲೆ 14.5 ಮಾಡಿದರು. ಹಿಂದಿನ ವರ್ಷ ಬೇಡ ಅಂದಿದ್ದವರೆಲ್ಲ ಮುಗಿಬಿದ್ದು ತಗೊಂಡರು. ಆ ಸಲ ಮೊದಲಿನ ಆಟ ಕಾಣಲೇ ಇಲ್ಲ. ಚಳಿಗಾಲ ಬರೋ ಹೊತ್ತಿಗೆ ಲಿವರ್‌ಪೂಲಿನವರು ಅವನನ್ನು ಬೆಂಚಿನ ಮೇಲೂ ಕೂರಿಸಿದರು. ಬೆಂಚಿನಲ್ಲೇ ಮ್ಯಾಚ್ ಮುಗಿದರೆ ಸೊನ್ನೆ.

ಹಿರಿಯರು: ಇದು ನನಗೆ ಗೊತ್ತಿರೋ ಕತೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿತ್ತು. ಜೂನ್ ಕೊನೆಯಲ್ಲಿ ಒಂದು ಸಲ, ಜುಲೈನಲ್ಲಿ ಇನ್ನೊಂದು ಸಲ. ಅಲ್ಲಿಯ ಗಿಡ ಸುಟ್ಟುಹೋದವು, ಇಲ್ಲಿ ದರ ಆಕಾಶಕ್ಕೆ ಹೋಯ್ತು. ಸಕಲೇಶಪುರದ ಬೀದಿಯಲ್ಲಿ ಹೊಸ ಜೀಪು, ಹೊಸ ಮನೆ, ಮದುವೆಗೆ ಎರಡು ಸಾವಿರ ಜನ. ಹೋದ ವರ್ಷದ ದರ ಮುಂದಿನ ವರ್ಷವೂ ಇರುತ್ತೆ ಅಂತ ಸಾಲ ಮಾಡಿ ತೋಟ ಕೊಂಡವರು ಎಷ್ಟು ಜನ! 2001-02ಕ್ಕೆ ದರ ಪಾತಾಳ ಕಂಡಾಗ ಕೂಲಿ ಕೊಡೋಕೂ ಆಗದೆ ಹಣ್ಣನ್ನು ಗಿಡದಲ್ಲೇ ಬಿಟ್ಟವರಿದ್ದರು.

ಯುವಕ: ಹಾಗಾದರೆ ನಮ್ಮ ಆಟ ಕಲಿಸೋದೂ ಅದನ್ನೇ ತಾನೇ? ಹೋದ ವರ್ಷದ ದರ ನೋಡಿ ಕೊಳ್ಳಬೇಡ ಅಂತ.

ಹಿರಿಯರು: ನೀನು ಕಲಿತಿದ್ದಕ್ಕೆ ಫೀಸು ಸೊನ್ನೆ ಪಾಯಿಂಟು. ಅವರು ಕಲಿತಿದ್ದಕ್ಕೆ ತೋಟವೇ ಫೀಸು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಇನ್ನೊಂದು ಮಾತು. ಬ್ರೆಜಿಲ್‌ನಲ್ಲಿ ಹಿಮ ಬೀಳ್ತಿದ್ದ ಆ ದಿನಗಳಲ್ಲೇ ಅಮೆರಿಕದಲ್ಲಿ ವಿಶ್ವಕಪ್ ನಡೀತಿತ್ತು. ಗೆದ್ದವರು ಯಾರು ಗೊತ್ತಾ? ಅದೇ ಬ್ರೆಜಿಲ್. ಜುಲೈ 17ರ ಫೈನಲ್, ನಮಗೆ ಇಲ್ಲಿ ರಾತ್ರಿ ಒಂದು ಗಂಟೆ. ಇಟಲಿಯ ಬ್ಯಾಜಿಯೊ ಕಡೇ ಪೆನಾಲ್ಟಿಯನ್ನು ಕಂಬದ ಮೇಲೆ ಹಾರಿಸಿ ತಲೆ ತಗ್ಗಿಸಿ ನಿಂತ. ಹೊರಗೆ ಕುಂಭದ್ರೋಣ ಮಳೆ, ಕರೆಂಟ್ ಹೋಗಿ ಬಂದು ಮಾಡ್ತಿತ್ತು.

ಯುವಕ: ಹಾಂ! ನೀವೂ ರಾತ್ರಿ ಒಂದು ಗಂಟೆಗೆ ಕೂತು ನೋಡಿದವರೇ. ನನಗೆ ಮಾತ್ರ ಬೈಗುಳ.

ಹಿರಿಯರು: ನಾನು ಆಟ ನೋಡಿದೆ ಕಣೋ. ಬ್ಯಾಜಿಯೊ ತಪ್ಪಿದ್ದಕ್ಕೆ ಮೈನಸ್ ಎಷ್ಟು ಅಂತ ಲೆಕ್ಕ ಹಾಕಲಿಲ್ಲ. ಅವನ ಮುಖ ನೋಡಿ ಹೊಟ್ಟೆ ಚುರುಕ್ ಅಂತು. ನಿಜ ಹೇಳು, ನೀವು ಮ್ಯಾಚ್ ನೋಡೋವಾಗ ಮ್ಯಾಚ್ ನೋಡ್ತೀರೋ, ಫೋನ್ ನೋಡ್ತೀರೋ?

ಯುವಕ: ಎರಡೂ. ಸುಳ್ಳು ಹೇಳಲ್ಲ. ಬೆಂಗಳೂರಿನವನೊಬ್ಬ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಭಕ್ತ, ಸ್ಕೂಲ್ ದಿನದಿಂದ ಕೆಂಪು ಜೆರ್ಸಿ. ಯುನೈಟೆಡ್ಡಿಗೆ ಅದೇ ಊರಿನ ಎದುರಾಳಿ ಮ್ಯಾಂಚೆಸ್ಟರ್ ಸಿಟಿ. ಸಿಟಿಯ ಹಾಲಂಡ್ ಅವನ ಕ್ಯಾಪ್ಟನ್. ಇವರಿಬ್ಬರ ಮ್ಯಾಚಿನ ದಿನ ಹಾಲಂಡ್ ಗೋಲು ಹೊಡೆದಾಗ ಅವನು ಕಿರುಚಿದ್ದು ನೋವಿಗೋ ಖುಷಿಗೋ ನಮಗೆ ಇವತ್ತಿಗೂ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ.

ಹಿರಿಯರು: ನೋಡು! ಅಭಿಮಾನವೇ ಎರಡು ಹೋಳಾಯ್ತಲ್ಲ. ಲೆಕ್ಕ ಶುರುವಾದ ಕಡೆ ಕಣ್ಣು ಕೆಡುತ್ತೆ. ಕೊಯ್ಲಿನಲ್ಲಿ ಕೆಜಿ ಲೆಕ್ಕಕ್ಕೆ ಕೂಲಿ ಕೊಟ್ಟು ನೋಡು, ಸಂಜೆ ಮೂಟೆ ಬಿಚ್ಚಿದರೆ ಕೆಂಪು ಹಣ್ಣಿನ ಜೊತೆ ಹಸಿರು ಕಾಯಿ, ಎಲೆ, ಕಡ್ಡಿ ಎಲ್ಲ ಇರುತ್ತೆ. ಬಿಡಿಸಿದವರದ್ದು ತಪ್ಪಲ್ಲ. ನಾವು ತೂಗಿದ್ದು ಭಾರವನ್ನು, ಅವರು ತಂದದ್ದೂ ಭಾರವನ್ನು. ನೀವು ಗೋಲು, ಪಾಸು ಎಣಿಸ್ತೀರಿ. ತೊಂಬತ್ತು ನಿಮಿಷ ಎದುರಾಳಿಯ ಹಿಂದೆ ಓಡಿ ಅವನನ್ನು ಸುಸ್ತು ಮಾಡಿದವನಿಗೆ ನಿಮ್ಮಲ್ಲಿ ಏನು ಸಿಗುತ್ತೆ?

ಯುವಕ: ಅದಕ್ಕೂ ದಾರಿ ಮಾಡಿದ್ದಾರೆ. 2025-26ರಿಂದ ಒಬ್ಬ ಡಿಫೆಂಡರ್ ಒಂದು ಮ್ಯಾಚಿನಲ್ಲಿ ಚೆಂಡು ದೂರ ಒದ್ದಿದ್ದು, ಅಡ್ಡ ನಿಂತಿದ್ದು, ಪಾಸ್ ಕಸಿದಿದ್ದು, ಟ್ಯಾಕಲ್ ಮಾಡಿದ್ದು ಎಲ್ಲ ಸೇರಿ ಹತ್ತಾದರೆ ಎರಡು ಪಾಯಿಂಟು. ಮೊದಲು ಯಾರೂ ತಿರುಗಿ ನೋಡದ ಸಣ್ಣ ಕ್ಲಬ್ಬುಗಳ ಡಿಫೆಂಡರುಗಳ ಹೆಸರು ಈಗ ನಮ್ಮ ಬಾಯಲ್ಲಿದೆ. ಹಾಲಂಡ್, ಸಲಾ ಮಾತ್ರ ನೋಡ್ತಿದ್ದವರು ಅವರ ಆಟ ನೋಡೋಕೆ ಕಲಿತರು. ಲೆಕ್ಕ ಕಣ್ಣು ಕೆಡಿಸುತ್ತೆ ಅಂದಿರಿ, ಕೆಲವು ಸಲ ತೆರೆಸುತ್ತೆ ಕೂಡ.

ಹಿರಿಯರು: ಆಯ್ತು, ಕಾವಲುಗಾರನಿಗೂ ಕೂಲಿ ಸಿಕ್ಕಿತು. ಆದರೆ ಕಣ್ಣು ತೆರೆದದ್ದು ಯಾವ ಕಡೆಗೆ? ಇಂಗ್ಲೆಂಡಿನ ಸಣ್ಣ ಕ್ಲಬ್ಬಿನ ಡಿಫೆಂಡರ್ ಹೆಸರು ನಿನಗೆ ಬರುತ್ತೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಒಂದೇ ಒಂದು ಗೋಲು ಹೊಡೆದದ್ದು ಯಾರು?

ಯುವಕ: ಗೊತ್ತಿಲ್ಲ.

ಹಿರಿಯರು: ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿದ ಮ್ಯಾಚು ಅದು. ಅದಕ್ಕೂ ಹಿಂದೆ, 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಬೆಂಗಳೂರ್ ಮುಸ್ಲಿಮ್ಸ್ ತಂಡ ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು. ಬ್ರಿಟಿಷ್ ಪಲ್ಟನ್ನುಗಳ ಕೈಯಲ್ಲಿದ್ದ ಕಪ್ಪು. ಅವರಿಗೆ ಪಾಯಿಂಟ್ ಕೊಡೋರು ಯಾರೂ ಇಲ್ಲ. ಹಳೇದು ಬಿಡು, ಈಗಿನ ಬೆಂಗಳೂರು ಎಫ್‌ಸಿಯವರನ್ನಾದರೂ ಇಟ್ಟುಕೊಂಡು ಲೀಗ್ ಮಾಡಬಹುದಿತ್ತಲ್ಲ?

ಯುವಕ: ಯಾವುದನ್ನು ನಂಬಿಕೊಂಡು ಮಾಡೋದು? ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು, 2018-19ರಲ್ಲಿ ಐಎಸ್‌ಎಲ್ ಗೆದ್ದಿತು. ಕಂಠೀರವದಲ್ಲಿ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಕೂಗಿ ಗಂಟಲು ಕಟ್ಟಿಸಿಕೊಂಡವನು ನಾನು. 2025ರಲ್ಲಿ ಏನಾಯ್ತು? ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸೋ ಕಂಪನಿಗೂ ಒಪ್ಪಂದ ಮುಂದುವರಿಯಲಿಲ್ಲ, ಶುರುವಾಗಬೇಕಾದ ಹೊತ್ತಿಗೆ ಸೀಸನ್ ಶುರುವಾಗಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರಿಗೆ, ಸಿಬ್ಬಂದಿಗೆ ಸಂಬಳ ನಿಲ್ಲಿಸಿದ್ದೇವೆ ಅಂತ ತಾನೇ ಪ್ರಕಟಿಸಿತು. ನಡೆಯುತ್ತೋ ಇಲ್ಲವೋ ಗೊತ್ತಿಲ್ಲದ ಲೀಗಿನ ಮೇಲೆ ಹತ್ತು ಜನ ಒಂದು ವರ್ಷದ ಆಟ ಕಟ್ಟೋಕಾಗುತ್ತಾ? ಇಂಗ್ಲೆಂಡಿನವರು ಆಗಸ್ಟಿಗೆ ಶುರು ಅಂದರೆ ಶುರು, ಮೇ ತಿಂಗಳಿಗೆ ಮುಗಿಸ್ತೀವಿ ಅಂದರೆ ಮುಗಿಸ್ತಾರೆ.

ಹಿರಿಯರು: ಸಂಬಳ ನಿಂತವನ ಜೊತೆ ನಿಲ್ಲೋದು ಅಭಿಮಾನ. ಗಟ್ಟಿ ಅಂಗಡಿ ನೋಡಿ ಖಾತೆ ತೆರೆಯೋದು ವ್ಯಾಪಾರ.

ಯುವಕ: ಮಾತು ಚೆನ್ನಾಗಿದೆ. ಬೆಳೆದ ಕಾಫಿಯನ್ನು ತಾನೇ ತಗೊಂಡು ಮಾರ್ತಿದ್ದ ಕಾಫಿ ಬೋರ್ಡಿನ ಪೂಲ್ ಪದ್ಧತಿ 1996ಕ್ಕೆ ಪೂರ್ತಿ ಹೋದಾಗ ನೀವು ಬೋರ್ಡಿನ ಜೊತೆ ನಿಂತಿರೋ, ದರ ಜಾಸ್ತಿ ಕೊಟ್ಟ ವ್ಯಾಪಾರಿಯ ಕಡೆ ಹೋದಿರೋ?

ಹಿರಿಯರು: (ನಕ್ಕು) ವ್ಯಾಪಾರಿಯ ಕಡೆ. ಬೋರ್ಡಿಗೆ ಕಾಫಿ ಕೊಟ್ಟರೆ ದುಡ್ಡು ಕಂತಿನ ಮೇಲೆ ಕಂತು, ಕೈಗೆ ಬರೋ ಹೊತ್ತಿಗೆ ವರ್ಷಗಳು. ಆದರೆ ಅದು ಹೊಟ್ಟೆಪಾಡು. ನಿಮ್ಮದು ಶೋಕಿ. ಶೋಕಿಗಾದರೂ ನಿಯತ್ತು ಬೇಡವಾ? ಹೋಗಲಿ, ಇದು ಬುದ್ಧಿಯ ಆಟವೋ ಅದೃಷ್ಟದ್ದೋ, ಅದನ್ನಾದರೂ ಹೇಳು.

ಯುವಕ: ಬುದ್ಧಿಯದ್ದು ಅಂತಾನೇ ನನ್ನ ವಾದ. 2019ರ ಡಿಸೆಂಬರಿನಲ್ಲಿ ಲಕ್ಷಗಟ್ಟಲೆ ಜನರ ಮೇಲೆ, ಇಡೀ ಪ್ರಪಂಚಕ್ಕೆ ಮೊದಲನೇ ಸ್ಥಾನದಲ್ಲಿದ್ದವನು ಯಾರು ಗೊತ್ತಾ? ಮ್ಯಾಗ್ನಸ್ ಕಾರ್ಲ್‌ಸನ್, ಆಗಿನ ಚೆಸ್ ವಿಶ್ವ ಚಾಂಪಿಯನ್. ಆ ಸೀಸನ್ ಮುಗಿದಾಗ ಗೆದ್ದವನು ಆಕ್ಸ್‌ಫರ್ಡಿನ ಗಣಿತಜ್ಞ ಜೋಶುವಾ ಬುಲ್. ಬರೀ ಅದೃಷ್ಟವಾಗಿದ್ದರೆ ಚೆಸ್ಸಿನವನೂ ಗಣಿತದವನೂ ಮೇಲೆ ಬರೋದು ಹೇಗೆ?

ಹಿರಿಯರು: ಚೆಸ್ ಚಾಂಪಿಯನ್ ಗೆಲ್ಲಲಿಲ್ಲ ಅಂತ ನೀನೇ ಹೇಳ್ತಿದ್ದೀಯ. ಆ ಗಣಿತದವನು ಮರುವರ್ಷವೂ ಗೆದ್ದನಾ?

ಯುವಕ: ಇಲ್ಲ.

ಹಿರಿಯರು: ಚೆಸ್ಸಿನಲ್ಲಿ ಚಾಂಪಿಯನ್ ಮರುವರ್ಷವೂ ಚಾಂಪಿಯನ್ನೇ. ನಿಮ್ಮಲ್ಲಿ ಬುದ್ಧಿ ಇದ್ದವನು ಗುಂಪಿನ ಮೇಲ್ಭಾಗಕ್ಕೆ ಬರಬಹುದು, ಆಮೇಲಿಂದು ಯಾರದ್ದೋ ಮೊಣಕಾಲಿನ ಮೇಲೆ ನಿಂತಿದೆ.

ಯುವಕ: ಒಪ್ಪಿದೆ. ಸೀಸನ್ ಉದ್ದ ಇರೋದು ಅದಕ್ಕೇ. 38 ವಾರ. ಒಂದು ವಾರ ಅದೃಷ್ಟ ಗೆಲ್ಲಿಸುತ್ತೆ, 38 ವಾರ ಗೆಲ್ಲಿಸಲ್ಲ. ವಾರಕ್ಕೆ ಒಬ್ಬನನ್ನು ಪುಕ್ಕಟೆ ಬದಲಾಯಿಸಬಹುದು, ಹೆಚ್ಚಿಗೆ ಬೇಕಾದರೆ ತಲೆಗೆ ನಾಲ್ಕು ಪಾಯಿಂಟ್ ದಂಡ. ಮೊನ್ನೆ ಒಂದು ಗೋಲು ಹೊಡೆದ ಅಂತ ಓಡಿಹೋಗಿ ಕೊಳ್ಳೋನು, ನಿನ್ನೆ ಗಾಯ ಆಯ್ತು ಅಂತ ಮಾರೋನು, ಇವರೇ ಕೆಳಗೆ ಇಳಿಯೋದು. ಸುಮ್ಮನೆ ಕೂರೋದು ಕಷ್ಟ ದೊಡ್ಡಪ್ಪ. ನಮ್ಮ ಮಂಗಳೂರಿನವನೊಬ್ಬನಿಗೆ ಅದು ಆಗಲ್ಲ. ಪ್ರತಿ ಶನಿವಾರ ಮೂರು ಜನರನ್ನು ಬದಲಾಯಿಸ್ತಾನೆ, ಎಂಟು ಪಾಯಿಂಟ್ ದಂಡ ಕಟ್ತಾನೆ, ಬಿಟ್ಟುಕಳಿಸಿದವನೇ ಭಾನುವಾರ ಎರಡು ಗೋಲು ಹೊಡೀತಾನೆ. ರಾತ್ರಿಯೆಲ್ಲ ಗ್ರೂಪಿನಲ್ಲಿ ಅವನದ್ದೇ ಮೆರವಣಿಗೆ.

ಹಿರಿಯರು: ದರ ಇಳೀತು ಅಂತ ಗಾಬರಿಯಲ್ಲಿ ಮಾರಿ, ಏರಿದಾಗ ತಲೆ ಚಚ್ಚಿಕೊಳ್ಳೋರು ಸಂತೆಯಲ್ಲೂ ಇದ್ದಾರೆ. ಅದಿರಲಿ. ದುಡ್ಡು ಕಟ್ಟಿ ಆಡೋ ಆ್ಯಪುಗಳನ್ನು ಸರ್ಕಾರ ನಿಲ್ಲಿಸಿತಲ್ಲ, ಇದೂ ಅದೇ ತಾನೇ?

ಯುವಕ: ಅಲ್ಲ. ಅದು ದಿನದ ಆಟ: ಇವತ್ತು ದುಡ್ಡು ಹಾಕು, ರಾತ್ರಿ ಗೆಲ್ಲು ಇಲ್ಲವೇ ಕಳಕೋ. ಕರ್ನಾಟಕ 2021ರಲ್ಲೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಲ್ಲಿಸೋಕೆ ಹೊರಟಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟೇ ಕಾಯ್ದೆ ಮಾಡಿತು: ಬುದ್ಧಿಯ ಆಟವೋ ಅದೃಷ್ಟದ ಆಟವೋ ಅನ್ನೋ ಪ್ರಶ್ನೆಯೇ ಬೇಡ, ಗೆಲ್ಲೋ ಆಸೆಯಿಂದ ದುಡ್ಡು ಕಟ್ಟಿ ಆನ್‌ಲೈನಿನಲ್ಲಿ ಆಡೋದು ನಿಷೇಧ. ನಮ್ಮದರಲ್ಲಿ ಸೇರೋಕೆ ದುಡ್ಡಿಲ್ಲ, ಗೆದ್ದರೂ ದುಡ್ಡಿಲ್ಲ. ಪ್ರಪಂಚದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಹೀಗೆ ಪುಕ್ಕಟೆ ಆಡ್ತಾರೆ.

ಹಿರಿಯರು: ಹೋದ ಮೇ ತಿಂಗಳಲ್ಲಿ ಮನೆ ಹಿಂದೆ ಕಡುಬು, ಕೋಳಿ ಸಾರು ಮಾಡಿಸಿ ಹತ್ತು ಜನ ತಿಂದಿರಲ್ಲ, ಅದರ ಖರ್ಚು ಯಾರದ್ದು?

ಯುವಕ: ಅದು ಕಡೇ ಸ್ಥಾನಕ್ಕೆ ಬಂದವನದ್ದು.

ಹಿರಿಯರು: ಸೋತವನು ದುಡ್ಡು ಬಿಚ್ಚೋದಕ್ಕೆ ನಮ್ಮ ಕಾಲದಲ್ಲಿ ಬೇರೆ ಹೆಸರಿತ್ತು.

ಯುವಕ: ಒಂದು ಊಟಕ್ಕೆ ಜೂಜು ಅಂತೀರಾ?

ಹಿರಿಯರು: ನಾನು ಅನ್ನಲ್ಲ. ಆದರೆ ಇಸ್ಪೀಟು ಎಲೆಯ ಮೇಲೆ ವರ್ಷದ ಮೆಣಸೆಲ್ಲ ಕಳಕೊಂಡವರನ್ನು ನೋಡಿದ್ದೀನಿ. ಅವರೂ ಬೆಂಕಿಕಡ್ಡಿ ಮುಂದಿಟ್ಟುಕೊಂಡೇ ಶುರು ಮಾಡಿದ್ದು. ಕಡ್ಡಿ ಕಾಫಿ ಆಯ್ತು, ಕಾಫಿ ಊಟ ಆಯ್ತು, ಊಟ ನೋಟು ಆಯ್ತು. ಯಾವತ್ತು ಗಡಿ ದಾಟಿದ್ದು ಅಂತ ಕೇಳಿದರೆ ಒಬ್ಬನಿಗೂ ನೆನಪಿಲ್ಲ.

ಯುವಕ: ಅವರು ದಿನಾ ಸಂಜೆ ಕೂತರು, ಅದಕ್ಕೇ ಗಡಿ ಕಾಣಲಿಲ್ಲ. ನಮ್ಮಲ್ಲಿ ಫಲ ಗೊತ್ತಾಗೋದು ವರ್ಷಕ್ಕೊಂದು ಸಲ. ಇವತ್ತು ಸೋತಿದ್ದನ್ನು ಇವತ್ತೇ ವಾಪಸ್ ತೆಗೀತೀನಿ ಅನ್ನೋ ಹಟಕ್ಕೆ ಜಾಗವೇ ಇಲ್ಲ. ಈ ಆಟ ಹುಟ್ಟಿದ್ದೂ ಹಾಗೇ. 1962ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನ ವಿಂಕನ್‌ಬಾಕ್ ಅನ್ನೋನೂ ಅವನ ಗೆಳೆಯರೂ ಅಮೆರಿಕನ್ ಫುಟ್‌ಬಾಲಿಗೆ ಪೆನ್ನು, ಕಾಗದ ಹಿಡಿದು ಶುರು ಮಾಡಿದರು. ಇಟಲಿಯಲ್ಲಿ 1990ರ ಹೊತ್ತಿಗೆ ರಿಕಾರ್ಡೊ ಅಲ್ಬೀನಿ ನಮ್ಮ ಫುಟ್‌ಬಾಲಿಗೆ ತಂದ. ಅಲ್ಲಿಯವರು ಪತ್ರಿಕೆ ಕೊಡ್ತಿದ್ದ ಅಂಕ ನೋಡಿ ಕೈಯಲ್ಲೇ ಕೂಡಿಸೋರು.

ಹಿರಿಯರು: ಪೇಪರಿನಲ್ಲಿ ನೋಡಿ ಕೂಡಿಸೋದಾದರೆ ನನ್ನ ತಕರಾರು ಅರ್ಧ ಕಮ್ಮಿ. ವಾರಕ್ಕೊಂದು ಸಲ ಕೂಡಿಸಿ ಎದ್ದು ಹೋಗ್ತಿದ್ದರು. ನಿನ್ನದು ಹಗಲೂ ರಾತ್ರಿ. ಮೊನ್ನೆ ನಡುರಾತ್ರಿ ನಿನ್ನ ರೂಮಿನ ಲೈಟ್ ಉರೀತಿತ್ತು.

ಯುವಕ: ವಾರದ ಮಧ್ಯದ ಮ್ಯಾಚು, ಚಳಿಗಾಲದಲ್ಲಿ ನಮಗೆ ಒಂದೂವರೆಗೆ ಶುರು. ಎದ್ದಿದ್ದಕ್ಕೇ ಅಲ್ವಾ ಗೇಟಿನ ಹತ್ತಿರ ಬೈನೆ ಮರ ಮುರಿಯೋ ಸದ್ದು ಕೇಳಿ ನಿಮ್ಮನ್ನು ಎಬ್ಬಿಸಿದ್ದು? ನೀವು ಗೊರಕೆ ಹೊಡೀತಿದ್ದಿರಿ. ಬೆಳಿಗ್ಗೆ ಐದಕ್ಕೆ ಹಣ್ಣು ಬಿಡಿಸೋರು ಅದೇ ದಾರಿಯಲ್ಲಿ ಬರೋರು.

ಹಿರಿಯರು: ಅದು ನಿಜ. ಅವತ್ತು ಒಳ್ಳೇದಾಯ್ತು. ಆನೆ ಇದೆ ಅಂತ ನಿನ್ನ ಗ್ರೂಪಿಗೂ ಹಾಕಿದ್ದೆಯಲ್ಲ, ಯಾರು ಬಂದರು?

ಯುವಕ: ಹೆತ್ತೂರಿನವನು ಫೋನ್ ಮಾಡಿದ. ಉಳಿದವರು ಮೆಸೇಜ್ ಹಾಕಿದರು.

ಹಿರಿಯರು: ಪಕ್ಕದ ತೋಟದವನು ಟಾರ್ಚ್ ಹಿಡಿದು ಬಂದ. ಅವನ ಹತ್ತಿರ ನಾನು ಯಾವ ಲೀಗೂ ಆಡಿಲ್ಲ. ಬೇಲಿ ವಿಷಯಕ್ಕೆ ಎರಡು ವರ್ಷ ಮಾತೂ ಬಿಟ್ಟಿದ್ದೆವು.

ಯುವಕ: ಪಕ್ಕದಲ್ಲಿದ್ದರೆ ನಮ್ಮವರೂ ಬರ್ತಿದ್ದರು. ಪಕ್ಕದಲ್ಲಿಲ್ಲ, ಏನು ಮಾಡೋದು? ಓದು ಮುಗಿದ ಮೇಲೆ ಹತ್ತಿಗೆ ಎಂಟು ಜನ ಊರು ಬಿಟ್ಟರು. ತೋಟ ಮೂರು ಪಾಲಾದ ಮನೆಯಲ್ಲಿ ನಾಲ್ಕನೆಯವನಿಗೆ ಜಾಗ ಎಲ್ಲಿ? ಲೀಗ್ ಇಲ್ಲದಿದ್ದರೆ ನಾವು ಈಗ ಮದುವೆ ಪತ್ರಿಕೆಗೆ, ಯುಗಾದಿ ಶುಭಾಶಯಕ್ಕೆ ಇಳೀತಿದ್ದೆವು. ಹೇಗಿದ್ದೀಯ ಅಂತ ಕೇಳೋಕೆ ಗಂಡಸರಿಗೆ ಬರಲ್ಲ ದೊಡ್ಡಪ್ಪ. ನಿನ್ನ ಕ್ಯಾಪ್ಟನ್ ಮಣ್ಣು ತಿಂದ ಅಂತ ಬೈಯೋಕೆ ಬರುತ್ತೆ. ಬೈತಾ ಬೈತಾ ಉಳಿದದ್ದೂ ಬರುತ್ತೆ. 2023ರ ಡಿಸೆಂಬರ್ 4ರಂದು ಯಸಳೂರು ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ ನೋಡಿ, ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ. ಅವತ್ತು ರಾತ್ರಿ ಗ್ರೂಪಿನಲ್ಲಿ ಒಬ್ಬನೂ ಫುಟ್‌ಬಾಲ್ ಎತ್ತಲಿಲ್ಲ. ಮೆಲ್ಬರ್ನಿನವನು ವಾಯ್ಸ್ ಮೆಸೇಜಿನಲ್ಲಿ ಅತ್ತ. ಆ ಗ್ರೂಪು ಅವತ್ತಿನವರೆಗೆ ಉಳಿದಿದ್ದು ಪಾಯಿಂಟಿನ ಜಗಳದಿಂದ.

ಹಿರಿಯರು: ಅತ್ತಿದ್ದನ್ನು ನಾನು ಸಣ್ಣದು ಮಾಡಲ್ಲ. ಆದರೆ ಹತ್ತೂ ಜನ ಇನ್ನೂ ಆಡ್ತಾ ಇದ್ದೀರಾ? ಕೆಳಗೆ ಬಿದ್ದವರೂ?

ಯುವಕ: ಇಲ್ಲ. ಇಬ್ಬರು ನವೆಂಬರಿಗೇ ಬಿಟ್ಟರು. ತಂಡ ಹಾಗೇ ಇರುತ್ತೆ, ಪಾಯಿಂಟೂ ಬರ್ತಾ ಇರುತ್ತೆ, ಮಾಲೀಕ ತಿರುಗಿ ನೋಡಲ್ಲ. ಅದಕ್ಕೇ ನಾವು ದೆವ್ವದ ತಂಡ ಅಂತೀವಿ. ಕಾಲು ಮುರಿದು ತಿಂಗಳಿಂದ ಮಲಗಿರೋನು ಅದರಲ್ಲಿ ಇನ್ನೂ ಕ್ಯಾಪ್ಟನ್.

ಹಿರಿಯರು: ಹಾಳು ಬಿಟ್ಟ ತೋಟದ ಹಾಗೆ ಅನ್ನು. ಇದೇ ನನ್ನ ನಿಜವಾದ ತಕರಾರು. ತೋಟ ಬಿಟ್ಟರೆ ಬೆರ್ರಿ ಬೋರರ್ ಹುಳ ಪಕ್ಕದವನ ಗಿಡಕ್ಕೂ ಹೋಗುತ್ತೆ, ಅವನು ಬಂದು ಜಗಳ ಆಡ್ತಾನೆ. ಬ್ಯಾಂಕಿನವನು ಬರ್ತಾನೆ. ಬಿಡೋಕೆ ಯಾರೂ ಬಿಡಲ್ಲ. ಬಿಡೋಕಾಗದೆ ಮಾಡ್ತಾ ಮಾಡ್ತಾ ಅದು ನಮ್ಮದಾಗುತ್ತೆ. ನಿಮ್ಮಲ್ಲಿ ಸೋತವನು ಫೋನ್ ಮಗುಚಿಟ್ಟರೆ ಮುಗೀತು. ಬಿಡೋಕೆ ಇಷ್ಟು ಸುಲಭವಾದದ್ದು ಯಾರನ್ನು ಎಷ್ಟು ದಿನ ಹಿಡಿದಿಡುತ್ತೆ?

ಯುವಕ: ನಾನು ತಿರುಗಿಸಿ ಕೇಳ್ತೀನಿ. ಬಿಡೋಕೆ ಆಗದೆ ಇರೋನು ಉಳಿದರೆ ಅದರಲ್ಲೇನು ಹೆಚ್ಚುಗಾರಿಕೆ? ಸಾಲ ಇದೆ, ಬೇಲಿ ಇದೆ, ಉಳೀತಾನೆ. ನಮ್ಮ ಎಂಟು ಜನರಿಗೆ ಯಾವ ಕಟ್ಟೂ ಇಲ್ಲ. ಮಂಗಳೂರಿನವನು ಒಂಬತ್ತನೇ ಸ್ಥಾನದಲ್ಲಿದ್ದಾನೆ, ಮೇಲೆ ಬರೋ ದಾರಿಯೂ ಕಾಣಲ್ಲ, ದುಡ್ಡೂ ಇಲ್ಲ. ಆದರೂ ಇವತ್ತು ಮಧ್ಯಾಹ್ನ ಎರಡು ಗಂಟೆಯಿಂದ ಯಾರನ್ನು ಕ್ಯಾಪ್ಟನ್ ಮಾಡಲಿ ಅಂತ ತಲೆ ತಿನ್ತಿದ್ದಾನೆ. ಬಿಟ್ಟುಹೋಗಬಹುದಾಗಿದ್ದೂ ಬಿಡದೆ ಇರೋನಿಗೆ ನಿಮ್ಮ ಲೆಕ್ಕದಲ್ಲಿ ಓಟಿ ಎಷ್ಟು?

ಹಿರಿಯರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅವನಿಗೆ ಒಳ್ಳೇ ಓಟಿಯೇ ಕೊಡಬೇಕು. ಆದರೆ ಬಿಟ್ಟುಹೋದ ಇಬ್ಬರಿಗೆ ನೀವು ಫೋನ್ ಮಾಡಿದಿರಾ?

ಯುವಕ: ಗ್ರೂಪಿನಲ್ಲಿ ಕೇಳಿದೆವು.

ಹಿರಿಯರು: ಗ್ರೂಪಿನಲ್ಲಿ ಕೇಳೋದು ಸಂತೆಯಲ್ಲಿ ಕೂಗಿದ ಹಾಗೆ, ಯಾರೂ ತಿರುಗಲ್ಲ. ಒಬ್ಬನಿಗೆ ಕೆಲಸ ಹೋಗಿರಬಹುದು, ಮನೆಯಲ್ಲಿ ಕಾಯಿಲೆ ಇರಬಹುದು. ದೆವ್ವದ ತಂಡ ಅಂತ ಹೆಸರಿಡೋ ಮುಂಚೆ ಆ ಮನುಷ್ಯ ಚೆನ್ನಾಗಿದ್ದಾನಾ ಅಂತ ನೋಡಬೇಕಿತ್ತು.

ಯುವಕ: ಫೋನ್ ಮಾಡ್ತೀನಿ. ಆದರೆ ಅವನು ಆಡೋದು ನಿಲ್ಲಿಸಿದ್ದಾನೆ ಅಂತ ನಮಗೆ ತಿಳಿದದ್ದು ಯಾವುದರಿಂದ? ಲೀಗಿನಿಂದ. ಇಲ್ಲದಿದ್ದರೆ ಸುದ್ದಿ ಇಲ್ಲ ಅನ್ನೋದೇ ಗೊತ್ತಾಗ್ತಿರಲಿಲ್ಲ.

ಹಿರಿಯರು: ಬಿಡಲ್ಲ ನೀನು. ಸರಿ, ನನ್ನದೊಂದು ಶರತ್ತು. ಈ ಮೇ ತಿಂಗಳು ಮಳೆ ಹಿಡಿಯೋ ಮುಂಚೆ ನಿಮ್ಮ ಊಟ ಮತ್ತೆ ಇಲ್ಲೇ ಆಗಲಿ. ಖರ್ಚು ಸೋತವನದ್ದಲ್ಲ, ಮನೆಯದ್ದು. ಆದರೆ ಹತ್ತೂ ಜನ ಬರಬೇಕು, ಬಿಟ್ಟುಹೋದ ಇಬ್ಬರೂ ಸೇರಿ. ಬೆಳಿಗ್ಗೆ ಗದ್ದೆಗೆ ಇಳಿದು ನಿಜವಾದ ಚೆಂಡು ಒದೀಬೇಕು. ಯಾರು ಎಷ್ಟು ಓಡ್ತಾರೆ ಅಂತ ನಾನೂ ನೋಡ್ತೀನಿ.

ಯುವಕ: ಮೆಲ್ಬರ್ನಿನವನಿಗೆ ಮೇ ತಿಂಗಳಲ್ಲಿ ರಜೆ ಸಿಗಲ್ಲ. ದುಬೈಯವನದ್ದೂ ಅನುಮಾನ. ಖರ್ಚು ನಿಮ್ಮದು ಅಂದರೆ ಸೋತವನಿಗೆ ಭಯ ಇಲ್ಲ, ಏಪ್ರಿಲಿನಲ್ಲಿ ಇನ್ನೂ ಇಬ್ಬರು ಆಟ ಬಿಡ್ತಾರೆ. ಒಂದು ಕೆಲಸ ಮಾಡೋಣ: ಬಂದವರಿಗೆ ತಲೆಗೆ ಹತ್ತು ಪಾಯಿಂಟ್ ಅಂತ ರೂಲ್ ಮಾಡ್ತೀನಿ.

ಹಿರಿಯರು: ಮನೆಗೆ ಊಟಕ್ಕೆ ಬರೋದಕ್ಕೂ ಪಾಯಿಂಟಾ?

ಯುವಕ: ಕೊಟ್ಟರೆ ಬರ್ತಾರೆ ದೊಡ್ಡಪ್ಪ. ನನಗೆ ಅವರು ಗೊತ್ತು.

ಹಿರಿಯರು: ಪಾಯಿಂಟಿಗೋಸ್ಕರ ಬಂದವನಿಗೆ ಕಡುಬು ಬಡಿಸಬೇಕೋ ಬೇಡವೋ ಅಂತ ನಿಮ್ಮ ದೊಡ್ಡಮ್ಮನನ್ನು ಕೇಳ್ತೀನಿ. ಈಗ ಹಲಗೆ ತಗೋ. ನಾಲ್ಕೂವರೆ ಆಗೋಕೆ ಇನ್ನೂ ಐದು ನಿಮಿಷ ಇದೆ ಅಂತ ಹೇಳಬೇಡ, ಬಿಸಿಲು ನಿನ್ನ ಡೆಡ್‌ಲೈನ್ ಕೇಳಲ್ಲ.